ಬಿಡದೆ ಓದಿದ ಒಂದು ಜಾಹೀರಾತು

ನವೆಂಬರ್ ಹದಿನಾಲ್ಕು, ಗುರುವಾರ. ಸಾರ್ವಜನಿಕ ಗ್ರಂಥಾಲಯದ ಒಂದು ಶಾಖೆ, ಮೊದಲ ಮಹಡಿ, ಕಿಟಕಿಯ ಪಕ್ಕದ ಮೂರನೇ ಕಂಪ್ಯೂಟರು. ಬರುವ ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಇಲಾಖೆಯ ತಂತ್ರಜ್ಞರು ಬಂದು ಅದರಿಂದ ಒಂದು ಆ್ಯಪ್ ಮತ್ತು ಜಾಹೀರಾತು ತಡೆಯುವ ಒಂದು ಆ್ಯಡ್ ಬ್ಲಾಕರ್ ಅನ್ನು ಕಿತ್ತುಹಾಕಲಿದ್ದಾರೆ. ಅವೆರಡನ್ನೂ ಹಾಕಿದವಳು ನಾನು.

ಮಾನ್ಯ ಗ್ರಂಥಾಲಯ ನಿರ್ದೇಶಕರೇ,

‘ಅನಧಿಕೃತ ತಂತ್ರಾಂಶದ ಬಳಕೆ’ ಎಂಬ ತಲೆಬರಹದ ನೋಟಿಸು ಕೊಟ್ಟು, ಅದಕ್ಕೆ ಲಿಖಿತ ವಿವರಣೆ ಸಲ್ಲಿಸಬೇಕು ಎಂದಿದ್ದೀರಿ. ಇದು ಆ ವಿವರಣೆ. ಲಕೋಟೆಯಲ್ಲಿಡದೆ ಪತ್ರಿಕೆಗೆ ಕೊಟ್ಟದ್ದೇಕೆ ಎಂಬುದು ಕೊನೆಯ ಹೊತ್ತಿಗೆ ತಮಗೇ ತಿಳಿಯುತ್ತದೆ. ನನ್ನ ದೂರು ಇಷ್ಟು: ನಿಮ್ಮ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದ ಒಬ್ಬ ಮನುಷ್ಯನಿಗೆ ಉಳಿದಿದ್ದ ಚೂರು ಬೆಳಕು ಹೋಯಿತು. ಪಾಲಿಸಿದ್ದಕ್ಕೆ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಆಮೇಲೆ ಅದೇ ಆದೇಶವನ್ನು ಮುರಿದೆ. ಅದಕ್ಕೆ ನೋಟಿಸು ಬಂತು.

ನನ್ನ ಕೆಲಸವೇನೆಂದು ತಮಗೆ ನೆನಪಿರಲಾರದು. ಪತ್ರಗಳಲ್ಲಿ ನನ್ನನ್ನು ‘ಸಹಾಯಕ ಸಿಬ್ಬಂದಿ’ ಎಂದು ಬರೆಯುತ್ತೀರಿ. ನಾನು ಓದುವವಳು. ಕಣ್ಣು ಕಾಣದ, ಅಥವಾ ಕಂಡರೂ ಅಕ್ಷರಕ್ಕೆ ಸಾಲದ ಸದಸ್ಯರಿಗೆ ಇಪ್ಪತ್ತೆರಡು ವರ್ಷಗಳಿಂದ ಗಟ್ಟಿಯಾಗಿ ಓದಿಹೇಳುತ್ತಿದ್ದೇನೆ. ಪತ್ರಿಕೆ, ಕಾದಂಬರಿ, ಆಸ್ಪತ್ರೆಯ ಚೀಟಿ, ಮನೆ ಬಾಡಿಗೆಯ ಕರಾರು, ಒಮ್ಮೆ ಒಂದು ವಿಚ್ಛೇದನದ ತೀರ್ಪು. ಈ ಕೆಲಸಕ್ಕೆ ಹನ್ನೊಂದು ಪುಟದ ನಿಯಮಾವಳಿಯಿದೆ. ಅದರ ಹದಿನಾಲ್ಕನೆಯ ನಿಯಮ ನನಗೆ ನಿದ್ದೆಯಲ್ಲಿ ಕೇಳಿದರೂ ಬಾಯಿಪಾಠ: ‘ಓದುವವರು ಪುಟದಲ್ಲಿರುವುದನ್ನು ಕೂಡಿಸದೆ, ಬಿಡದೆ, ಬದಲಿಸದೆ ಓದತಕ್ಕದ್ದು.’

ಈ ನಿಯಮವನ್ನು ಯಾವ ಅಧಿಕಾರಿಯೂ ತಾನಾಗಿ ಮಾಡಿದ್ದಲ್ಲ. ನನಗಿಂತ ಮೊದಲು ಇಲ್ಲಿ ಓದುತ್ತಿದ್ದ ಮಹಾತಾಯಿಗೆ ಕರುಣೆ ಜಾಸ್ತಿ. ಸಾವಿನ ಸುದ್ದಿ ಬಂದರೆ ಹಾರಿಸುತ್ತಿದ್ದರು, ಕಾದಂಬರಿಯ ಜಗಳಗಳನ್ನು ರಾಜಿ ಮಾಡಿಸಿಬಿಡುತ್ತಿದ್ದರು. ಒಬ್ಬ ಸದಸ್ಯರಿಗೆ ಅವರ ಜೀವದ ಗೆಳೆಯ ತೀರಿಕೊಂಡದ್ದು ನಾಲ್ಕು ತಿಂಗಳ ನಂತರ ಬೇರೆಯವರ ಬಾಯಿಂದ ಗೊತ್ತಾಯಿತು. ಆಗ ಸದಸ್ಯರೆಲ್ಲ ಸೇರಿ, ‘ನಮಗೆ ಕಣ್ಣಿಲ್ಲ ನಿಜ, ಎದೆಯಿದೆ, ಇದ್ದದ್ದನ್ನು ಇದ್ದಹಾಗೆ ಓದಿ’ ಎಂದು ಹಟ ಹಿಡಿದು ಬರೆಸಿದ ನಿಯಮ ಇದು. ನಾನು ಅದನ್ನು ಗೌರವಿಸುತ್ತೇನೆ. ಮನೆಯಲ್ಲಿ ನಾನು ಓದುವುದು ಹೆಚ್ಚಾಗಿ ಬೇರೆ ಭಾಷೆಗಳಿಂದ ಬಂದ ಕಾದಂಬರಿಗಳನ್ನು. ಅನುವಾದಕರು ಒಂದು ಸಾಲು ಹಾರಿಸಿದ್ದಾರೆಂಬ ಅನುಮಾನ ಬಂದರೂ ನನಗೆ ಊಟ ಸೇರುವುದಿಲ್ಲ. ಅಂಥವಳಿಗೆ ಈ ನಿಯಮ ಹೊರೆಯಲ್ಲ, ಸ್ವಭಾವ.

ಸೋಮವಾರ ಮತ್ತು ಗುರುವಾರ ಹನ್ನೊಂದು ಗಂಟೆಗೆ ನನ್ನ ಬಳಿಗೆ ಬರುವವರು ಬೀಗ ರಿಪೇರಿ ಮಾಡುವ ಒಬ್ಬರು. ಶಾಖೆಯಲ್ಲಿ ಎಲ್ಲರೂ ಅವರನ್ನು ಬೀಗದಣ್ಣ ಎನ್ನುತ್ತಾರೆ. ವಯಸ್ಸು ಐವತ್ತೆರಡು. ಕಣ್ಣಿನ ಒತ್ತಡದ ಕಾಯಿಲೆಯಿಂದ ಬಲಗಣ್ಣು ಹೋಗಿ ಎಂಟು ವರ್ಷವಾಯಿತು. ಎಡಗಣ್ಣಿನಲ್ಲಿ ಒಂದಿಷ್ಟು ಉಳಿದಿತ್ತು. ಕಿಟಕಿ ಎಲ್ಲಿದೆ ಎಂದು ತಿಳಿಯುತ್ತಿತ್ತು. ಹಿತ್ತಾಳೆಯ ಕೀಲಿಯನ್ನು ಬೆಳಕಿಗೆ ಹಿಡಿದರೆ ಹಲ್ಲುಗಳ ಅಂಚು ಮಿಂಚುತ್ತಿತ್ತು. ಅಷ್ಟು ಸಾಕಾಗಿತ್ತು. ಉಳಿದದ್ದನ್ನು ಅವರ ಬೆರಳು ನೋಡಿಕೊಳ್ಳುತ್ತಿತ್ತು. ದಿನಕ್ಕೆ ಎರಡು ಬಾರಿ ಕಣ್ಣಿಗೆ ಔಷಧಿಯ ಹನಿ ಬಿಟ್ಟುಕೊಂಡರೆ ಇರುವುದು ಉಳಿಯುತ್ತದೆ, ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಅವರಿಗೆ ಒಬ್ಬಳೇ ತಂಗಿ. ಸರಕು ಹಡಗಿನಲ್ಲಿ ಅಡುಗೆ ಮಾಡುತ್ತಾಳೆ. ಹಡಗಿನಿಂದ ಫೋನು ಸಿಗುವುದು ಅಪರೂಪ, ಆದ್ದರಿಂದ ಬಂದರು ಹತ್ತಿರವಾದಾಗಲೆಲ್ಲ ಸಾಮಾಜಿಕ ಜಾಲತಾಣದ ತನ್ನ ಪುಟದಲ್ಲಿ ಅಣ್ಣನಿಗೆಂದೇ ಬರೆಯುತ್ತಾಳೆ. ಓದಿಸಿಕೊಳ್ಳಲಿಕ್ಕೆಂದೇ ಬರೆದದ್ದು ಎಂದು ಕೇಳಿದರೆ ತಿಳಿಯುತ್ತದೆ. ‘ಅಣ್ಣಾ, ಇವತ್ತು ಸಮುದ್ರ ಹಳೇ ತಗಡಿನ ಬಣ್ಣ. ಓದೋ ಅಕ್ಕಾ, ಇಲ್ಲಿ ಸ್ವಲ್ಪ ನಿಲ್ಲಿಸಿ, ಅವನು ನಗ್ತಾನೆ.’ ನಾನು ನಿಲ್ಲಿಸುತ್ತಿದ್ದೆ. ಅವರು ನಗುತ್ತಿದ್ದರು.

“ಹೇಳಮ್ಮಾ, ನಮ್ಮ ಅಡುಗೆಭಟ್ಟಿ ಎಲ್ಲಿದ್ದಾಳೆ ಇವತ್ತು?” ಎಂಬುದು ಅವರು ಕುರ್ಚಿ ಎಳೆದುಕೊಳ್ಳುತ್ತ ಕೇಳುವ ಮೊದಲ ಮಾತು. “ಉಪ್ಪು ಹಾಕೋದು ಮರೆತ್ರೂ ಪರವಾಗಿಲ್ಲ ಅವಳಿಗೆ. ಸುತ್ತ ಅದೇ ಇದೆ.”

ಐದು ವರ್ಷ ಈ ಬರಹಗಳನ್ನು ನಾನು ಓದಿದ್ದು ಒಂದು ಹೊರಗಿನ ಆ್ಯಪ್‌ನಲ್ಲಿ. ಜಾಲತಾಣದ ಕಂಪನಿ ಮಾಡಿದ್ದಲ್ಲ. ಯಾರೋ ಒಬ್ಬ ಲಿಫ್ಟ್ ಮೆಕ್ಯಾನಿಕ್ ರಜೆಯ ದಿನಗಳಲ್ಲಿ ಕುಳಿತು ಮಾಡಿ, ಬೇಕಾದವರು ಬಳಸಲಿ ಎಂದು ಬಿಟ್ಟದ್ದು. ಅದರ ಗುಣ ಒಂದೇ. ನೀವು ಯಾರ ಮಾತು ಕೇಳಬೇಕೆಂದು ಹೇಳಿದ್ದೀರೋ ಅವರ ಮಾತನ್ನು, ಅವರು ಬರೆದ ಕ್ರಮದಲ್ಲಿ, ತೋರಿಸಿ ಸುಮ್ಮನಾಗುತ್ತದೆ. ತಂಗಿ ಮೂರು ಬರೆದಿದ್ದರೆ ಮೂರು. ಮುಗಿದರೆ ಮುಗಿಯಿತು, ಕೆಳಗೆ ಖಾಲಿ ಜಾಗ. ಆ ಖಾಲಿ ಜಾಗ ಎಷ್ಟು ಬೆಲೆಯುಳ್ಳದ್ದೆಂದು ನನಗೆ ಆಗ ತಿಳಿದಿರಲಿಲ್ಲ.

ಜೂನ್ ತಿಂಗಳಲ್ಲಿ ನಮ್ಮ ಶಾಖೆಗೆ ಐದು ಹೊಸ ಕಂಪ್ಯೂಟರು ಬಂದವು. ಕೊಟ್ಟವರು ಅದೇ ಜಾಲತಾಣದ ಕಂಪನಿಯವರು. ದಾನ ಎಂದಿರಿ. ಫೋಟೋ ತೆಗೆಸಿಕೊಂಡಿರಿ. ಹಿಂದೆಯೇ ನಿಮ್ಮ ಸುತ್ತೋಲೆ ಬಂತು: ಇನ್ನು ಮುಂದೆ ಕಂಪನಿಯ ಅಧಿಕೃತ ಆ್ಯಪ್ ಮಾತ್ರ, ಹೊರಗಿನವರ ಆ್ಯಪ್ ಕೂಡದು, ಜಾಹೀರಾತು ತಡೆಯುವ ಯಾವುದೇ ಸಾಧನ ಕೂಡದು. ಹಸು ಕೊಟ್ಟವರು ಹಾಲು ತಾವೇ ಕರೆದುಕೊಳ್ಳುತ್ತೇವೆ ಎಂದರೆ ಅದನ್ನು ದಾನ ಎನ್ನುವುದಿಲ್ಲ ಸ್ವಾಮೀ, ಕೊಟ್ಟಿಗೆ ಬಾಡಿಗೆಗೆ ಹಿಡಿದದ್ದು ಎನ್ನುತ್ತಾರೆ. ಅದೂ ಪುಕ್ಕಟೆ. ನಮ್ಮ ಮಹಡಿ ಗುಡಿಸುವ ಅಕ್ಕ ಸುತ್ತೋಲೆಯನ್ನು ನನ್ನಿಂದ ಓದಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: “ಹಂಗಾದ್ರೆ ಮೇಡಂ, ಇಲ್ಲಿ ಬರೋರು ಓದೋಕೆ ಬರ್ತಾರಾ, ಓದಿಸಿಕೊಳ್ಳೋಕಾ?” ನಾನು ನಕ್ಕೆ. ಆಮೇಲೆ ಸುತ್ತೋಲೆ ಹೇಳಿದಂತೆ ಮಾಡಿದೆ. ಆದೇಶ ಅಂದರೆ ಆದೇಶ ಎಂದು ನಂಬಿದ ತಲೆಮಾರು ನಮ್ಮದು.

ಸೆಪ್ಟೆಂಬರ್ ಐದು, ಗುರುವಾರ. ಬೀಗದಣ್ಣ ಬಂದರು. ಅಧಿಕೃತ ಆ್ಯಪ್ ತೆರೆದೆ. ತಂಗಿಯದು ಎರಡು ಬರಹ ಇದ್ದವು. ಎರಡರ ನಡುವೆ ಮೂರನೆಯದೊಂದು. ಅದೇ ಅಕ್ಷರ, ಅದೇ ಅಳತೆ, ಅದೇ ಬಿಳಿ ಹಿನ್ನೆಲೆ. ನೆತ್ತಿಯ ಮೇಲೆ ಅವರ ತಂಗಿಯ ಹೆಸರು, ಅದರ ಮುಂದೆ ‘ಇದನ್ನು ಮೆಚ್ಚಿದ್ದಾರೆ’. ಕೆಳಗೆ: ‘ನನ್ನ ಅಣ್ಣನಿಗೆ ಕಣ್ಣು ಮಂಜಾಗಿತ್ತು. ಡಾಕ್ಟರ ಹನಿಯಿಂದ ಏನೂ ಆಗಲಿಲ್ಲ. ಅದನ್ನು ನಿಲ್ಲಿಸಿ ಈ ಗಿಡಮೂಲಿಕೆಯ ಹನಿ ಹಾಕಿದೆವು. ಮೂರೇ ವಾರ. ಈಗ ಅಣ್ಣ ತಾನೇ ಪತ್ರಿಕೆ ಓದುತ್ತಾನೆ.’ ಕೊನೆಗೆ ಹತ್ತು ಅಂಕಿಯ ಫೋನ್ ನಂಬರು. ಮೂಲೆಯಲ್ಲಿ, ಬಿಳಿಯ ಮೇಲೆ ತಿಳಿಬೂದು ಬಣ್ಣದಲ್ಲಿ, ಅದು ಜಾಹೀರಾತು ಎನ್ನುವ ಒಂದು ಪದವಿತ್ತು. ಕಣ್ಣಿರುವ ನನಗೂ ಅದು ಕಂಡದ್ದು ಆಮೇಲೆ, ಕನ್ನಡಕ ಒರೆಸಿಕೊಂಡು ಹುಡುಕಿದಾಗ.

ನಾನು ಓದಿದೆ. ಕೂಡಿಸದೆ, ಬಿಡದೆ, ಬದಲಿಸದೆ. ಫೋನ್ ನಂಬರನ್ನೂ ಓದಿದೆ.

ಇಪ್ಪತ್ತೆರಡು ವರ್ಷ ಓದಿದವರ ಬಾಯಿಗೆ ಒಂದು ಕಾಯಿಲೆ ಬರುತ್ತದೆ. ಮನಸ್ಸು ಜೊತೆಗಿಲ್ಲದಿದ್ದರೂ ಅದು ತನ್ನಷ್ಟಕ್ಕೆ ಓದುತ್ತದೆ. ನಾನು ಮುಂದಿನ ಬರಹಕ್ಕೆ ಹೋದೆ. ಬೀಗದಣ್ಣ “ಹ್ಞೂಂ, ಮುಂದಕ್ಕೆ” ಎಂದರು. ನಂಬರನ್ನು ಮತ್ತೊಮ್ಮೆ ಹೇಳಿ ಎಂದು ಕೇಳಲಿಲ್ಲ. ಕೇಳಿದ್ದರೆ ನಾನು ಎಚ್ಚೆತ್ತುಕೊಳ್ಳುತ್ತಿದ್ದೆನೋ ಏನೋ. ಆದರೆ ಮೂವತ್ತು ವರ್ಷ ಕೀಲಿಯ ನಂಬರುಗಳನ್ನು ತಲೆಯಲ್ಲೇ ಇಟ್ಟುಕೊಂಡ ಮನುಷ್ಯ ಅವರು. ಒಂದು ಸಲ ಕಿವಿಗೆ ಬಿದ್ದರೆ ಸಾಕು.

ಮುಂದಿನ ವಾರ ತಂಗಿಗೆ ಉತ್ತರ ಬರೆಸಿದರು. “ಹಿಂಗೆ ಹೊಡೀರಮ್ಮಾ: ನೀ ಹೇಳಿದ ಹಾಗೇ ಹನಿ ಹಾಕ್ತಾ ಇದ್ದೀನಿ, ಚಿಂತೆ ಮಾಡಬೇಡ.” ನಾನು ಟೈಪು ಮಾಡಿದೆ. ಯಾವ ಹನಿ ಎಂದು ನಾನು ಕೇಳಲಿಲ್ಲ. ಹಡಗಿನಿಂದ ತಂಗಿಯ ಮರುಮಾತು ಬಂತು: ‘ಜಾಣ ನೀನು. ಒಂದು ಹೊತ್ತೂ ತಪ್ಪಿಸಬೇಡ.’ ಅವಳ ಮನಸ್ಸಿನಲ್ಲಿದ್ದದ್ದು ಡಾಕ್ಟರ ಹನಿ. ಅವರ ಕೈಯಲ್ಲಿದ್ದದ್ದು ಜಾಹೀರಾತಿನ ಹನಿ. ನಡುವೆ ಕುಳಿತು ಎರಡೂ ಕಡೆಯ ಮಾತನ್ನು ಒಂದಕ್ಷರ ತಪ್ಪದೆ ದಾಟಿಸಿದವಳು ನಾನು. ಇಷ್ಟು ನಿಖರವಾದ ಅನಾಹುತವನ್ನು ನಾನು ಯಾವ ಕಾದಂಬರಿಯಲ್ಲೂ ಓದಿಲ್ಲ.

ಅಕ್ಟೋಬರ್ ಇಪ್ಪತ್ತೆಂಟು, ಸೋಮವಾರ, ಅವರು ಬಂದು ಕುರ್ಚಿಗಾಗಿ ಗಾಳಿಯಲ್ಲಿ ಕೈಯಾಡಿಸಿದರು. ಅದಕ್ಕೆ ಮೊದಲು ಎಂದೂ ಹಾಗೆ ಹುಡುಕಿದವರಲ್ಲ. ಕಿಟಕಿಯ ಬೆಳಕಿನ ಗುರುತು ಹಿಡಿದು ನೆಟ್ಟಗೆ ಬರುತ್ತಿದ್ದರು. ಕೂತರು. ನಾನು ಕಂಪ್ಯೂಟರು ಹಚ್ಚಿದೆ.

“ಅವಳದ್ದು ಬೇಡ,” ಎಂದರು. “ಪತ್ರಿಕೆ ಓದಿ.”

“ಯಾಕಣ್ಣಾ? ಎರಡು ಬಂದಿದೆ.”

“ಬಂದಿರ್ಲಿ. ಡಾಕ್ಟರಮ್ಮ ಬೈದ್ರು. ಔಷಧಿ ನಿಲ್ಲಿಸಿ ಆರು ವಾರ ಆಗಿದೆಯಲ್ರೀ, ಯಾರ್ರೀ ಹೇಳಿದ್ದು ನಿಮಗೆ ಅಂತ. ನನ್ನ ತಂಗಿ ಅಂತ ಹೇಳೋಕೆ ನಾಚಿಕೆ ಆಯ್ತಮ್ಮಾ. ಯಾರೋ ಹೇಳಿದ್ರು ಅಂದೆ.” ಆಮೇಲೆ, “ಅವಳಿಗೆ ಗೊತ್ತಿರಲಿಲ್ಲ, ಪಾಪ. ಆದ್ರೂ ಕೇಳೋಕಾಗ್ತಿಲ್ಲ ಅವಳ ಮಾತು. ಈಗ ಕಿಟಕಿ ಎಲ್ಲಿದೆ ಅಂತಾನೂ ಗೊತ್ತಾಗಲ್ಲ ನನಗೆ,” ಎಂದರು.

ನಿರ್ದೇಶಕರೇ, ಆ ಹೊತ್ತಿಗೆ ನನ್ನ ಬಾಯಿಂದ ಹೊರಡಬೇಕಾಗಿದ್ದದ್ದು ಒಂದೇ ವಾಕ್ಯ. ಅದು ನಿಮ್ಮ ತಂಗಿಯ ಮಾತಲ್ಲ, ಜಾಹೀರಾತು, ಓದಿದವಳು ನಾನು. ಅದು ಹೊರಡಲಿಲ್ಲ. ಪತ್ರಿಕೆ ತೆಗೆದು ಹವಾಮಾನದ ವರದಿ ಓದಿದೆ.

ಅವರು ಹೋದ ಮೇಲೆ ಆ ಜಾಹೀರಾತನ್ನು ಹುಡುಕಿದೆ. ಮೂರನೇ ಕಂಪ್ಯೂಟರಿನಲ್ಲಿ, ಅವರ ಖಾತೆಯಲ್ಲಿ, ಅದು ‘ನನ್ನ ಅಣ್ಣ’ ಎಂದೇ ಇತ್ತು. ಪಕ್ಕದ ಕಂಪ್ಯೂಟರಿನಲ್ಲಿ ನನ್ನ ಖಾತೆ ತೆರೆದು, ಅಮ್ಮನ ಪೊರೆಯ ಆಪರೇಷನ್ನಿನ ಬಗ್ಗೆ ಎರಡು ಸಾಲು ಬರೆದು ಮರುದಿನ ನೋಡಿದೆ. ಅದೇ ಜಾಹೀರಾತು, ‘ನನ್ನ ಅಮ್ಮ’ ಎಂದು ಬಂದಿತ್ತು. ತಂಗಿ ಮೆಚ್ಚಿದ್ದೂ ಸುಳ್ಳಲ್ಲ. ಎರಡು ವರ್ಷದ ಹಿಂದೆ ಅವಳು ಮೆಚ್ಚಿದ್ದು ಒಂದು ಅಡುಗೆಯ ಪುಟವನ್ನು. ಪುಟ ಕೈ ಬದಲಾಗಿದೆ, ಹೆಸರು ಬದಲಾಗಿದೆ, ಅವಳ ಮೆಚ್ಚುಗೆ ಮಾತ್ರ ಅಲ್ಲೇ ಅಂಟಿಕೊಂಡಿದೆ. ಅವಳು ಅಣ್ಣನ ಕಣ್ಣಿನ ಬಗ್ಗೆ ಬರೆದದ್ದನ್ನೆಲ್ಲ ಒಂದು ಯಂತ್ರ ನನಗಿಂತ ಶ್ರದ್ಧೆಯಿಂದ ಓದಿ, ಅವಳದೇ ಧಾಟಿಯಲ್ಲಿ ಅವಳದೇ ಅಣ್ಣನಿಗೆ ಮಾತಾಡಿತ್ತು. ಉಳಿದಿದ್ದದ್ದು ಧ್ವನಿ ಒಂದೇ. ಅದನ್ನು ನಾನು ಕೊಟ್ಟೆ, ಸರ್ಕಾರಿ ಸಂಬಳದಲ್ಲಿ.

ಅಂದೇ ಲಿಫ್ಟ್ ಮೆಕ್ಯಾನಿಕ್‌ನ ಆ್ಯಪ್ ಮರಳಿ ಹಾಕಿದೆ. ಬ್ರೌಸರಿಗೆ ಆ್ಯಡ್ ಬ್ಲಾಕರ್ ಕೂಡಿಸಿದೆ. ಕದ್ದುಮುಚ್ಚಿ ಅಲ್ಲ; ಶಾಖೆಯ ಮೇಲ್ವಿಚಾರಕರಿಗೆ ಚೀಟಿ ಬರೆದು, ನಡೆದದ್ದನ್ನೆಲ್ಲ ತಿಳಿಸಿ, ಸಹಿ ಹಾಕಿ ಕೊಟ್ಟೆ. ಅವರು ಅದನ್ನು ನಿಮಗೆ ಕಳಿಸಿದರು. ನಿಮ್ಮ ಉತ್ತರ ಈ ನೋಟಿಸಿನ ರೂಪದಲ್ಲಿ ಮಿಂಚಿನ ವೇಗದಲ್ಲಿ ಬಂತು. ಹೊಸ ಬಲ್ಬು ಕೇಳಿ ಬರೆದ ಪತ್ರಕ್ಕೆ ಹದಿನಾಲ್ಕು ತಿಂಗಳಾದರೂ ಉತ್ತರವಿಲ್ಲ ಎಂಬುದನ್ನು ಇಲ್ಲಿ ಹೊಟ್ಟೆಕಿಚ್ಚಿನಿಂದ ನೆನೆಯುತ್ತೇನೆ.

ಆ ಉತ್ತರದಲ್ಲಿ ಮೂರು ಮಾತಿವೆ. ಮೊದಲನೆಯದು, ಜಾಹೀರಾತನ್ನು ತಡೆಯುವುದು ಹದಿನಾಲ್ಕನೇ ನಿಯಮದ ಉಲ್ಲಂಘನೆ, ಏಕೆಂದರೆ ‘ಪುಟದಲ್ಲಿರುವುದನ್ನು ಬಿಟ್ಟಂತಾಗುತ್ತದೆ’. ಇದನ್ನು ಬರೆದ ಕೈಗೆ ನಮಸ್ಕಾರ. ಪತ್ರಿಕೆಯ ಮಡಿಕೆಯೊಳಗೆ ಯಾರೋ ಕರಪತ್ರ ತುರುಕಿರುತ್ತಾರೆ. ಸದಸ್ಯರು ‘ಪತ್ರಿಕೆ ಓದಿ’ ಎಂದಾಗ ನಾನು ಆ ಕರಪತ್ರವನ್ನು ಎಂದಾದರೂ ಓದಿದ್ದೇನೆಯೇ? ಓದದೇ ಇದ್ದದ್ದಕ್ಕೆ ನೀವೆಂದಾದರೂ ನೋಟಿಸು ಕೊಟ್ಟಿದ್ದೀರಾ? ಬೀಗದಣ್ಣ ಕೇಳಿದ್ದು ತಂಗಿಯ ಪುಟವನ್ನು. ತಂಗಿಯ ಪುಟದಲ್ಲಿ ತಂಗಿ ಬರೆದದ್ದು ಇರಬೇಕು. ಅದರ ನಡುವೆ ಇನ್ನೊಬ್ಬರು ಬಂದು ಕೂತರೆ ಪುಟಕ್ಕೆ ಕೂಡಿಸಿದವರು ಅವರು, ಬಿಟ್ಟವಳು ನಾನಲ್ಲ. ನಾನು ಓದುವ ಕಾದಂಬರಿಗಳಲ್ಲಿ ಅನುವಾದಕರ ಹೆಸರು ಮೊದಲ ಪುಟದಲ್ಲೇ ಇರುತ್ತದೆ: ಎಚ್ಚರ, ಈ ಧ್ವನಿ ನನ್ನದು, ಕತೆ ಬೇರೆಯವರದು. ಇನ್ನೊಬ್ಬರ ಧ್ವನಿಯಲ್ಲಿ ಮಾತಾಡುವವರು ಮಾಡಲೇಬೇಕಾದ ಕನಿಷ್ಠ ಮರ್ಯಾದೆ ಅದು. ತಿಳಿಬೂದು ಬಣ್ಣದಲ್ಲಿ ಮೂಲೆಗೆ ಅಂಟಿಸಿದ ಒಂದು ಪದ ಮರ್ಯಾದೆಯಲ್ಲ, ವಕೀಲರಿಗೆ ಇಟ್ಟುಕೊಂಡ ಸಾಕ್ಷಿ.

ಎರಡನೆಯದು, ಜಾಹೀರಾತಿನಿಂದಲೇ ಆ ಸೇವೆ ಉಚಿತವಾಗಿ ನಡೆಯುತ್ತಿದೆ, ತಡೆಯುವುದು ಕಳ್ಳತನಕ್ಕೆ ಸಮ. ಜೊತೆಗೆ ಹೊರಗಿನವರ ಆ್ಯಪ್ ಸುರಕ್ಷಿತವಲ್ಲ. ಈ ಮಾತಿನಲ್ಲಿ ಸತ್ಯ ಇಲ್ಲವೆಂದು ನಾನು ಹೇಳುವುದಿಲ್ಲ. ಗೊತ್ತಿಲ್ಲದವರು ಮಾಡಿದ ಆ್ಯಪ್ ಮೋಸ ಮಾಡಬಹುದು. ಲಿಫ್ಟ್ ಮೆಕ್ಯಾನಿಕ್‌ನ ಮುಖ ನಾನು ನೋಡಿಲ್ಲ. ಪತ್ರಿಕೆಗಳೂ ಜಾಹೀರಾತಿನಿಂದಲೇ ಬದುಕುತ್ತವೆ, ಈ ಪತ್ರದ ಪಕ್ಕದಲ್ಲೇ ಒಂದು ಇರಬಹುದು. ಆದರೆ ಪತ್ರಿಕೆಯ ಜಾಹೀರಾತಿಗೆ ತನ್ನನ್ನು ಯಾರು ಓದುತ್ತಿದ್ದಾರೆಂದು ಗೊತ್ತಿರುವುದಿಲ್ಲ. ಅದು ಗೆರೆ ಎಳೆದ ಚೌಕದೊಳಗೆ ನಿಂತು ಎಲ್ಲರಿಗೂ ಒಂದೇ ಸುಳ್ಳು ಹೇಳುತ್ತದೆ. ನಿಮ್ಮ ಅಧಿಕೃತ ಆ್ಯಪ್ ಕುರುಡರಿಗೆ ಕಣ್ಣಿನ ಸುಳ್ಳು, ತಂಗಿಯಿದ್ದವರಿಗೆ ತಂಗಿಯ ಸುಳ್ಳು ಎಂದು ಅಳತೆ ತೆಗೆದು ಹೊಲಿಯುತ್ತದೆ. ಸುರಕ್ಷತೆ ಎಂದರೆ ಏನು ಸ್ವಾಮೀ? ಅನಧಿಕೃತವಾದದ್ದು ಐದು ವರ್ಷದಲ್ಲಿ ಯಾರ ಕೂದಲನ್ನೂ ಕೊಂಕಿಸಲಿಲ್ಲ. ಅಧಿಕೃತವಾದದ್ದು ಐದು ತಿಂಗಳಲ್ಲಿ ಒಂದು ಕಣ್ಣು ತಿಂದಿತು. ಇನ್ನು ಕಳ್ಳತನದ ಮಾತು. ಬಾಗಿಲಿಗೆ ಚಿಲಕ ಹಾಕಿಕೊಂಡವರನ್ನು ಕಳ್ಳರೆಂದು ಕರೆಯುವ ಊರನ್ನು ನಾನು ಇದುವರೆಗೆ ನೋಡಿರಲಿಲ್ಲ.

ಮೂರನೆಯ ಮಾತಿಗಾಗಿಯೇ ನಾನು ಈ ಪತ್ರ ಬರೆಯುತ್ತಿರುವುದು. ‘ವಿಚಾರಣೆ ಮುಗಿಯುವವರೆಗೆ ಸಂಬಂಧಪಟ್ಟ ಸದಸ್ಯರೊಂದಿಗೆ ತಪ್ಪೊಪ್ಪಿಗೆಯೆನಿಸುವ ಯಾವುದೇ ಮಾತನ್ನು ಆಡತಕ್ಕದ್ದಲ್ಲ. ಓದುವ ಸಮಯದಲ್ಲಿ ಮೇಲ್ವಿಚಾರಕರು ಹಾಜರಿರತಕ್ಕದ್ದು.’ ವಿಚಾರಣೆ ಯಾವಾಗ ಎಂದು ಬರೆದಿಲ್ಲ. ಮೇಲ್ವಿಚಾರಕರು ಮಾತ್ರ ಹಾಜರಿದ್ದಾರೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ನೋಟ್‌ಬುಕ್ ಬಿಚ್ಚಿ, ನಾನು ಸೀನಿದರೂ ಗುರುತು ಹಾಕಿಕೊಳ್ಳುತ್ತಾರೆ. ಅವರೂ ಕೆಟ್ಟವರಲ್ಲ. “ನನ್ನ ಪಾಡೂ ನೋಡಿ ಮೇಡಂ, ಎರಡು ವರ್ಷಕ್ಕೆ ರಿಟೈರ್ಡು,” ಎಂದು ಕೈ ಮುಗಿದರು.

ಗ್ರಂಥಾಲಯದಲ್ಲಿ ಆಗದಿದ್ದರೆ ಅವರ ಅಂಗಡಿಗೇ ಹೋಗಿ ಹೇಳಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಹೋಗಿದ್ದೆ, ಕಳೆದ ಶನಿವಾರ. ಬರಿಗೈಯಲ್ಲಿ ಹೋಗಲು ಧೈರ್ಯವಾಗದೆ ನನ್ನ ಕಪಾಟಿನ ಬೀಗವನ್ನು ಕೊಂಡೊಯ್ದೆ. ಅವರು ಬೀಗವನ್ನು ಎರಡು ಸಲ ತಿರುಗಿಸಿ, ಕಿವಿಗೆ ಹಿಡಿದು, ವಾಪಸು ಕೊಟ್ಟರು.

“ಇದಕ್ಕೇನೂ ಆಗಿಲ್ವಲ್ಲಮ್ಮಾ. ಯಾಕೆ ತಂದ್ರಿ?”

“ಒಂಚೂರು ಬಿಗಿ ಅನ್ನಿಸ್ತು ಅಣ್ಣಾ.”

“ಬೀಗ ಸರಿಯಾಗೇ ಇದೆ. ನನಗಿಂತ ಚೆನ್ನಾಗಿ ಓಡ್ತಾ ಇದೆ,” ಎಂದು ನಕ್ಕರು. “ಊಟ ಮಾಡಿದ್ದೀರಾ?”

ನಾನು ಬೀಗ ಹಿಡಿದುಕೊಂಡು ಮನೆಗೆ ಬಂದೆ. ಆ ಅಂಗಡಿಯಲ್ಲಿ ನಿಮ್ಮ ಮೇಲ್ವಿಚಾರಕರು ಇರಲಿಲ್ಲ, ನಿಮ್ಮ ಆದೇಶವೂ ಕಾಣುತ್ತಿರಲಿಲ್ಲ. ಆದ್ದರಿಂದ ಆ ಮೌನದ ಲೆಕ್ಕವನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಅದು ನನ್ನದು. ಈ ಕೆಲಸ ಹೋದರೆ ನನಗೆ ಬೇರೆ ಕೆಲಸ ಬರುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಭಯ, ಆ ಮನುಷ್ಯ ಇನ್ನು ನನ್ನ ಧ್ವನಿಯನ್ನು ನಂಬುವುದಿಲ್ಲ ಎಂಬುದು. ನಂಬಬಾರದು ಕೂಡ.

ಕಳೆದ ಸೋಮವಾರ ಕಂಪ್ಯೂಟರು ಹಚ್ಚಿದಾಗ ತಂಗಿಯ ಹೊಸ ಬರಹದ ಮೊದಲ ಸಾಲು ಕಣ್ಣಿಗೆ ಬಿತ್ತು. ಸದಸ್ಯರು ಕೇಳದೆ ಅವರ ಪುಟವನ್ನು ಓದಬಾರದು, ಅದೂ ನಿಯಮವೇ. ಆದರೆ ಕಣ್ಣಿಗೆ ಬಿದ್ದದ್ದನ್ನು ಏನು ಮಾಡಲಿ? ‘ಅಣ್ಣಾ, ಹುಷಾರಾಗಿದ್ದೀಯಾ? ಓದೋ ಅಕ್ಕಾ, ಅವನು ಬರ್ತಿದ್ದಾನಾ? ಇಬ್ರಲ್ಲಿ ಒಬ್ರಾದ್ರೂ ಉತ್ತರ ಕೊಡಿ.’ ಪಕ್ಕದಲ್ಲಿ ಬೀಗದಣ್ಣ ಕಿಟಕಿಯಿಲ್ಲದ ಕಡೆಗೆ ಮುಖ ಮಾಡಿ ಕುಳಿತಿದ್ದರು. “ಪತ್ರಿಕೆ,” ಎಂದರು. ಒಬ್ಬಳು ತಂಗಿ ಮಾಡದ ತಪ್ಪಿಗೆ ನಡುಸಮುದ್ರದಲ್ಲಿ ಶಿಕ್ಷೆ ಅನುಭವಿಸುತ್ತಿದ್ದಾಳೆ. ಕಣ್ಣು ಬರುವುದಿಲ್ಲ, ಡಾಕ್ಟರಮ್ಮ ಹೇಳಿಯಾಗಿದೆ. ತಂಗಿಯಾದರೂ ಬರಬೇಕಲ್ಲವೇ?

ನನ್ನ ಬೇಡಿಕೆಗಳು ದೊಡ್ಡವಲ್ಲ. ಸೋಮವಾರ ತಂತ್ರಜ್ಞರನ್ನು ಕಳಿಸಬೇಡಿ. ಓದಿಹೇಳುವ ಪ್ರತಿ ಶಾಖೆಯಲ್ಲೂ ಸದಸ್ಯರು ಬೇಡಿದ ಮಾತನ್ನಷ್ಟೇ ತೋರಿಸುವ ಆ್ಯಪ್ ಬಳಸಲು, ಜಾಹೀರಾತು ತಡೆಯಲು ಲಿಖಿತ ಅನುಮತಿ ಕೊಡಿ. ಸುರಕ್ಷತೆಯ ಚಿಂತೆಯಿದ್ದರೆ ತಂತ್ರಜ್ಞರಿಂದ ಆ ಆ್ಯಪ್ ಅನ್ನು ಪರೀಕ್ಷೆ ಮಾಡಿಸಿ, ಅದೂ ಅವರ ಕೆಲಸವೇ. ದಾನದ ಷರತ್ತು ಒಪ್ಪದಿದ್ದರೆ ಐದೂ ಕಂಪ್ಯೂಟರು ಹಿಂದಿರುಗಿಸಿ. ಮತ್ತು ಬೀಗದಣ್ಣನಿಗೆ, ಇಲಾಖೆಯ ಮೊಹರಿನ ಕೆಳಗೆ, ಆ ಮಾತು ಅವರ ತಂಗಿಯದಲ್ಲವೆಂದೂ ಅದನ್ನು ತಡೆಯುವುದನ್ನು ನಿಷೇಧಿಸಿದವರು ತಾವೆಂದೂ ಬರೆದು ಕೊಡಿ. ಉಬ್ಬಕ್ಷರದಲ್ಲಿ ಕೊಟ್ಟರೆ ಅವರೇ ಓದಿಕೊಳ್ಳುತ್ತಾರೆ, ಅವರ ಬೆರಳು ಚುರುಕು.

ಇದನ್ನು ಪತ್ರಿಕೆಗೆ ಕೊಟ್ಟದ್ದೇಕೆ ಎಂದು ಹೇಳುತ್ತೇನೆಂದಿದ್ದೆ. ಸೋಮವಾರದ ಸಂಚಿಕೆಯಲ್ಲಿ, ನಾಲ್ಕನೇ ಪುಟದಲ್ಲಿ ಹಾಕುತ್ತೇವೆ ಎಂದು ಸಂಪಾದಕರು ಒಪ್ಪಿದ್ದಾರೆ. ಸೋಮವಾರ ಹನ್ನೊಂದಕ್ಕೆ ಬೀಗದಣ್ಣ ಬರುತ್ತಾರೆ. ಮೇಲ್ವಿಚಾರಕರು ನೋಟ್‌ಬುಕ್ ಬಿಚ್ಚುತ್ತಾರೆ. “ಪತ್ರಿಕೆ” ಎನ್ನುತ್ತಾರೆ ಬೀಗದಣ್ಣ. ನಾನು ಮೊದಲ ಪುಟದಿಂದ ಶುರು ಮಾಡುತ್ತೇನೆ. ನಾಲ್ಕನೇ ಪುಟ ಬಂದಾಗ, ಮಾನ್ಯರೇ, ನನ್ನನ್ನು ತಡೆಯಲು ತಾವು ಹದಿನಾಲ್ಕನೇ ನಿಯಮವನ್ನೇ ಮುರಿಯಬೇಕಾಗುತ್ತದೆ. ನಾನಾಗಿ ಒಂದು ತಪ್ಪೊಪ್ಪಿಗೆಯ ಮಾತನ್ನೂ ಆಡುವುದಿಲ್ಲ. ಅಚ್ಚಾದದ್ದನ್ನು ಓದುತ್ತೇನೆ. ಬೀಗದಣ್ಣನ ಅಪ್ಪಣೆಯಿಲ್ಲದೆ ಅವರ ಕತೆಯನ್ನು ಊರಿಗೆಲ್ಲ ಹೇಳಿದ್ದನ್ನೂ, ಬೀಗಕ್ಕೆ ಏನೂ ಆಗಿರಲಿಲ್ಲ ಎಂಬುದನ್ನೂ, ಕೂಡಿಸದೆ, ಬಿಡದೆ, ಬದಲಿಸದೆ.

ಆಮೇಲೆ ಅವರು ಎದ್ದು ಹೋಗಬಹುದು. ಹೋಗದೆ ಕೂತರೆ, ತಂತ್ರಜ್ಞರು ಬರುವುದು ಎರಡು ಗಂಟೆಗೆ. ಹಡಗಿನ ಬರಹಗಳೆಲ್ಲವನ್ನೂ ಓದಿ ಮುಗಿಸುವಷ್ಟು ಹೊತ್ತು ಇದೆ.

ಇಂತಿ,
ಮೂರು ವಾರದಲ್ಲಿ ಕಣ್ಣು ಬರುತ್ತದೆ ಎಂದು ಓದಿ,
ತನಗೆ ಬಾಯಿ ಬರಲು ಮೂರು ವಾರ ತೆಗೆದುಕೊಂಡ
ನಿಮ್ಮ ಸಹಾಯಕ ಸಿಬ್ಬಂದಿ